ಅಮ್ಮ ಉಣ್ಣುವವರೆಗಿನ ಸೂರ್ಯ

ನನಗೆ ಒಂದು ಕಡೆ ಕೂರುವುದಕ್ಕಾಗುವುದಿಲ್ಲ. ಕೇಣಿಚಿರದ ನನ್ನ ಮೆಣಸಿನ ಅಂಗಡಿಯಲ್ಲೂ ನಿಂತೇ ವ್ಯಾಪಾರ. ‘ಕಾಲು ಸುಟ್ಟ ಬೆಕ್ಕು’ ಎಂದು ಅಮ್ಮ ಆಡಿಕೊಳ್ಳುತ್ತಾಳೆ. ಪುಲ್ಪಳ್ಳಿಯಾಚೆ ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ ಶನಿವಾರ ಸಂಜೆ ಯಾರು ಬೇಕಾದರೂ ದೂರದರ್ಶಕವನ್ನು ಕೈಯಾರೆ ತಿರುಗಿಸಿ ನೋಡಬಹುದು ಎಂದು ಕೇಳಿದಂದಿನಿಂದ ಅವಳಿಗೆ ಚಂದ್ರನ ಹುಚ್ಚು ಹತ್ತಿತ್ತು. ಸರಿ, ಹೊರಟೆವು.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಅಮ್ಮ ಅನ್ನ ಹಾಗಿರಲಿ, ಗುಟುಕು ನೀರೂ ಮುಟ್ಟುವುದಿಲ್ಲ. ಜೊತೆಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಉಣ್ಣದಿದ್ದರೆ ಮುಗಿಯಿತು. ಹಿಂದಿನ ತಿಂಗಳು ಹಾಗೇ ಹಿತ್ತಲಲ್ಲಿ ಕುಸಿದು ಬಿದ್ದಿದ್ದಳು. ಅದಕ್ಕೇ ಮೊಸರನ್ನದ ಡಬ್ಬಿ ಚೀಲದಲ್ಲಿತ್ತು.

ಬಸ್ಸು ತಡಮಾಡಿತು. ಅಮ್ಮ ಮಾತ್ರೆಯನ್ನು ಬಸ್ಸಿನಲ್ಲೇ ನುಂಗಿದಳು, ಊಟ ಮಾತ್ರ ಇಳಿದ ಮೇಲೆ ಅಂದಳು. ಗುಡ್ಡದ ಬುಡದಲ್ಲಿ ಇಳಿದಾಗ ಅಲ್ಲಿ ಬಿಸಿಲೇ ಇರಲಿಲ್ಲ.

“ಹೊತ್ತು ಮುಳುಗ್ತು ಮೋಳೇ. ಇನ್ನು ಬೇಡ,” ಎಂದಳು ಅಮ್ಮ. ಮಗಳೇ ಅನ್ನುವುದು ಅವಳ ಬಾಯಲ್ಲಿ ಯಾವಾಗಲೂ ಮೋಳೇ.

“ಗುಡ್ಡ ಅಡ್ಡ ಬಂದದೆ ಅಷ್ಟೇ! ಉಣ್ಣು!”

“ಮನೇಲಿ ಸೂರ್ಯ ಗುಡ್ಡದ ಹಿಂದೆ ಹೋದ ಮೇಲೆ ನಾನು ಯಾವತ್ತಾದ್ರೂ ಉಂಡಿದೀನಾ?”

ಇಲ್ಲ, ಉಂಡಿಲ್ಲ. ನಮ್ಮ ಮನೆ ಗದ್ದೆಯ ತಗ್ಗಿನಲ್ಲಿದೆ. ಎದುರಿನ ಗುಡ್ಡದ ಹಿಂದೆ ಸೂರ್ಯ ಸರಿದನೆಂದರೆ ನಮ್ಮ ಅಡುಗೆಮನೆ ಮುಚ್ಚುತ್ತದೆ. ಊರಿಗೆಲ್ಲ ಹಗಲಿದ್ದರೂ ನಮಗೆ ಸಂಜೆ.

ನನ್ನ ಮೈ ಉರಿಯಿತು. “ಬೀಳು ಮತ್ತೆ, ಹೊತ್ಕೊಂಡು ಹೋಗೋಕೆ ನಾನೊಬ್ಳು ಇದೀನಲ್ಲ!” ಎಂದು ಕಿರುಚಿದೆ. ಅವಳ ಬೆರಳುಗಳು ಆಗಲೇ ನಡುಗುತ್ತಿದ್ದವು. ಗುಡ್ಡದ ತುದಿಯಲ್ಲಿ ಸೂರ್ಯ ಇನ್ನೂ ಇದ್ದೇ ಇರುತ್ತಾನೆ ಎಂದುಕೊಂಡು, ಬಂದ ಆಟೋವನ್ನು ಅಡ್ಡಗಟ್ಟಿ ಅವಳನ್ನು ಒಳಗೆ ತುರುಕಿದೆ.

ಇದ್ದ! ವೀಕ್ಷಣಾಲಯದ ಅಂಗಳದಲ್ಲಿ, ದೂರದರ್ಶಕದ ಹಿಂದಿನ ಬಿಳಿ ಹಲಗೆಯ ಮೇಲೆ ಅವನ ಬಿಂಬ ತಟ್ಟೆಯಗಲ ಬಿದ್ದಿತ್ತು. ಸಾಲಿನಲ್ಲಿದ್ದವರನ್ನು ತಳ್ಳಿಕೊಂಡೇ ಮುಂದೆ ಹೋದೆ. ಯಾರೋ ಬೈದರು, ಬೈಯಲಿ. ತೋರಿಸುತ್ತಿದ್ದ ಹುಡುಗಿಗೆ ವಿಷಯ ಹೇಳಿದೆ.

“ಅಮ್ಮೇ, ಸೂರ್ಯನ್ ಪೋಯಿಟ್ಟಿಲ್ಲ,” ಎಂದಳು ಅವಳು, ಸೂರ್ಯ ಇನ್ನೂ ಹೋಗಿಲ್ಲ ಎಂದು.

“ಮುಳುಗಿದವನನ್ನ ಗುಡ್ಡ ಹತ್ತಿ ಹಿಡ್ಕೊಳ್ಳೋದು ಮೋಸ ಅಲ್ವಾ?” ಎಂದು ಅಮ್ಮ ನನ್ನನ್ನು ಕೇಳಿದಳು.

ಅಷ್ಟರಲ್ಲಿ ಸೂರ್ಯ ಹಲಗೆಯಿಂದ ಜಾರತೊಡಗಿದ. ಹುಡುಗಿ ಅಮ್ಮನ ನಡುಗುವ ಕೈಯನ್ನು ದೂರದರ್ಶಕದ ಒಂದು ತಿರುಪಿನ ಮೇಲಿಟ್ಟು ಮೆಲ್ಲಗೆ ತಿರುಗಿಸಿದಳು. ಸೂರ್ಯ ನಡುವಿಗೆ ಬಂದ. ಬಿಟ್ಟರೆ ಮತ್ತೆ ಜಾರಿದ. ಓಡುತ್ತಿರುವುದು ಅವನಲ್ಲ, ನಮ್ಮ ಭೂಮಿ ಎಂದು ಹುಡುಗಿ ಹೇಳಿದಳು. ಈ ಸಲ ಅಮ್ಮನೇ ತಿರುಗಿಸಿ ತಂದಳು.

“ಒಂದ್ ಕಡೆ ನಿಲ್ಲಲ್ಲ, ನಿನ್ನ ಹಾಗೇ,” ಎಂದು ನಕ್ಕಳು. ಆಮೇಲೆ ನಾವು ಹತ್ತಿ ಬಂದ ನೆರಳಿನ ತಗ್ಗಿನ ಕಡೆಗೊಮ್ಮೆ ಬಗ್ಗಿ ನೋಡಿದಳು. “ಮುಳುಗಿಲ್ಲ, ಬಿಡು. ನಾವೇ ತಗ್ಗಲ್ಲಿದ್ವಿ. ಡಬ್ಬಿ ಕೊಡು. ನಾನು ಉಣ್ಣೋ ತನಕ ಇವನನ್ನ ಬಿಡ್ಬೇಡ.”

ನಾನು ತಿರುಪು ಹಿಡಿದು ನಿಂತೆ. ಜನ್ಮದಲ್ಲಿ ಹಾಗೆ ಅಲ್ಲಾಡದೆ ನಿಂತವಳಲ್ಲ. ಅಮ್ಮ ಪಕ್ಕದ ಕಟ್ಟೆಯ ಮೇಲೆ ಕೂತು ನಿಧಾನವಾಗಿ, ಹಾಳು ನಿಧಾನವಾಗಿ ಅಗಿದಳು. ಸೂರ್ಯ ಕೆಂಪಾದ. ಅಂಚು ಸವೆಯಿತು. “ಬೇಗ ಉಣ್ಣಮ್ಮಾ!” ಎಂದು ಕೂಗಿದೆ. ಅರ್ಧವಾದ. ಗೆರೆಯಾದ. ಅಮ್ಮ ಬಾಯಲ್ಲಿದ್ದುದನ್ನು ನುಂಗಿ, ಮಿಕ್ಕ ಅನ್ನದ ಮೇಲೆ ಮುಚ್ಚಳ ಹಾಕಿ ಎದ್ದಳು. ಅವಳ ಕೈ ನಡುಗುತ್ತಿರಲಿಲ್ಲ.

“ಇನ್ನು ಬಿಡು ಮೋಳೇ, ಹೋದ ಅವನು.”

ನಾನು ಬಿಡಲಿಲ್ಲ.