ಬೋಳುಕತ್ತಿನ ಹುಂಜ

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅರಕಲಗೂಡು ಸಂತೆಯಿಂದ ಎಳೆಯ ಹುಂಜವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು, ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಹಳೇಕೋಟೆಗೆ ಬಂದೆ. ಅದರ ಕತ್ತಿನಲ್ಲಿ ಒಂದು ಪುಕ್ಕವೂ ಇರಲಿಲ್ಲ, ಬೋಳುಕತ್ತಿನ ಜಾತಿ. ಬಸ್ಸಿನಲ್ಲಿ ಪಕ್ಕದಲ್ಲಿದ್ದ ಹೆಂಗಸು ಇಳಿಯುವವರೆಗೂ ಅದರ ಕಡೆಗೆ ಸೆರಗು ಮರೆ ಮಾಡಿಕೊಂಡೇ ಕೂತಿದ್ದಳು. ನನಗಂತೂ ಅದು ಲಕ್ಷಣವಾಗಿಯೇ ಕಂಡಿತ್ತು. ಅಗಲವಾದ ಎದೆ, ಗಟ್ಟಿ ಕಾಲು. ಹುಂಜಕ್ಕೆ ಇನ್ನೇನು ಬೇಕು?

ನಮಗೆ ಹೊಸ ಹುಂಜ ಬೇಕಾದದ್ದು ಅತ್ತೆಯ ಹರಕೆಯಿಂದ. ಹಿಂದಿನ ವರ್ಷ ನಮ್ಮ ಯಜಮಾನರು ಕಾಮಾಲೆ ಬಂದು ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅತ್ತೆ ತಮ್ಮ ಕೆಂಪು ಹುಂಜವನ್ನು ಊರ ಮಾರಮ್ಮನಿಗೆ ಹರಕೆ ಹೊತ್ತಿದ್ದರು. ಯಜಮಾನರು ಎದ್ದು ಓಡಾಡುವಂತಾದರು. ಹುಂಜಕ್ಕೆ ಮುಂದಿನ ಹಬ್ಬದವರೆಗೆ ಆಯುಸ್ಸು. ತಾಯಿಕೋಳಿಯನ್ನು ನಾಯಿ ಹಿಡಿದ ಮೇಲೆ ಸೆರಗಿನಲ್ಲಿ ಬೆಚ್ಚಗಿಟ್ಟು, ಅಂಗೈಯಲ್ಲಿ ನುಚ್ಚು ತಿನ್ನಿಸಿ ಅತ್ತೆಯೇ ಸಾಕಿದ ಮರಿ ಅದು. ಅವರು ಅಂಗಳಕ್ಕೆ ಕಾಲಿಟ್ಟರೆ ಹಿಂದೆಯೇ ಬರುತ್ತಿತ್ತು. ಅದು ಹೋದ ಮೇಲೆ ಹ್ಯಾಟೆಗಳಿಗೆ ಜೊತೆ ಯಾರು ಎಂಬ ಚಿಂತೆ ನನ್ನ ಪಾಲಿಗೆ ಬಂತು. ಹುಂಜವಿಲ್ಲದೆ ಮೊಟ್ಟೆಯೇನೋ ಸಿಗುತ್ತದೆ, ಮರಿ ಆಗುವುದಿಲ್ಲ.

ಹಬ್ಬಕ್ಕೆ ಇನ್ನೂ ದಿನಗಳಿದ್ದವು. ಅಲ್ಲಿಯವರೆಗೆ ಎರಡೂ ಕಾದಾಡದಂತೆ ನೋಡಿಕೊಳ್ಳಬೇಕಿತ್ತು, ಏಕೆಂದರೆ ಹರಕೆಯ ಹುಂಜಕ್ಕೆ ಊನವಾದರೆ ಅಮ್ಮನಿಗೆ ಸಲ್ಲುವುದಿಲ್ಲ. ಚನ್ನರಾಯಪಟ್ಟಣದ ಕಡೆಯ ನನ್ನ ತವರಿನಲ್ಲಿ ಮಾಡುವಂತೆ ಅಂಗಳದಲ್ಲಿ ಬಿದಿರಿನ ಮಂಕರಿ ಕವುಚಿ, ಹೊಸ ಹುಂಜವನ್ನು ಅದರೊಳಗೆ ಬಿಟ್ಟು, ಮೇಲೊಂದು ದಪ್ಪ ಕಲ್ಲು ಹೇರಿದೆ. ಹೆಣಿಗೆಯ ಸಂದಿಯಲ್ಲಿ ಒಂದಕ್ಕೊಂದು ಮುಖ ಕಾಣಬೇಕು, ಕೊಕ್ಕು ಎಟುಕಬಾರದು. ಮಂಕರಿಯ ಸುತ್ತಲೇ ಎಲ್ಲ ಕೋಳಿಗಳಿಗೂ ರಾಗಿ ಎರಚುತ್ತಿದ್ದೆ. ಮೊದಮೊದಲು ಕೆಂಪು ಹುಂಜ ಮಂಕರಿಯ ಮೇಲೇ ಹಾರಿ ರೆಕ್ಕೆ ಬಡಿಯಿತು. ಆಮೇಲೆ ಅದಕ್ಕೂ ಬೇಸರವಾಯಿತೇನೋ, ಪಕ್ಕದಲ್ಲೇ ಕಾಳು ಹೆಕ್ಕತೊಡಗಿತು. ಇನ್ನು ಸ್ವಲ್ಪ ದಿನ ಬಿಟ್ಟು ಒಂದು ಮುಸ್ಸಂಜೆ ಮೆಲ್ಲಗೆ ಗೂಡಿಗೆ ಸೇರಿಸಿದರಾಯಿತು ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಅಂಗಳದ ತುಂಬ ಪುಕ್ಕ. ಮಂಕರಿ ಮಗುಚಿ ಬಿದ್ದಿತ್ತು. ಬೋಳುಕತ್ತು ತಿಪ್ಪೆಯ ಮೇಲೆ ನಿಂತು ಕೂಗುತ್ತಿತ್ತು. ಅತ್ತೆ ಜಗಲಿಯಲ್ಲಿ ಕೂತು ಕೆಂಪು ಹುಂಜದ ಹರಿದ ಜುಟ್ಟಿಗೆ ಅರಿಶಿನ ಮೆತ್ತುತ್ತಿದ್ದರು. ಅದರ ಒಂದು ಕಣ್ಣು ಹೋಗಿತ್ತು.

"ಮಂಕ್ರಿ ಎತ್ತಿದ್ಯಾರು?" ನನ್ನ ದನಿ ಏರಿತ್ತು.

"ಗಾಳಿಗೆ ಮಗುಚ್ಕಂತು ಕಣವ್ವ," ಅಂದರು ಅತ್ತೆ.

ಕಲ್ಲು ಮಂಕರಿಯ ಹತ್ತಿರವೆಲ್ಲೂ ಇರಲಿಲ್ಲ. ಬಚ್ಚಲ ಗೋಡೆಯ ಬದಿಯಲ್ಲಿ ನೆಟ್ಟಗೆ ಕೂತಿತ್ತು. ಕಲ್ಲನ್ನು ಎತ್ತಿ ಒಪ್ಪವಾಗಿ ಪಕ್ಕಕ್ಕಿಡುವ ಗಾಳಿಯನ್ನು ನಾನು ಅಂದೇ ಕಂಡದ್ದು.

"ಈಗ ಅರಕೆ ಏನ್ ಮಾಡೀರಿ ಅತ್ತೆ?"

"ಊನ ಆಗಿರದ್ನ ಅಮ್ಮುಂಗೆ ಕೊಡಕ್ಕಾಯ್ತದಾ? ಗೆದ್ದಿರದ್ನೇ ಕೊಡ್ಬೇಕು."

"ಅದ್ರ ಕತ್ತಲ್ಲಿ ಪುಕ್ಕನೇ ಇಲ್ವಲ್ಲ. ಅದು ಊನ ಅಲ್ವಾ?"

"ಅದು ಉಟ್ಟಿದ್ದೇ ಅಂಗೆ. ಅಮ್ಮನೇ ಅಂಗೆ ಉಟ್ಸವ್ಳೆ. ತಾನು ಉಟ್ಸಿದ್ನ ತಾನೇ ಬ್ಯಾಡ ಅಂದಾಳಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಸಂತೆಯೆಲ್ಲ ಅಲೆದು ಆರಿಸಿ ತಂದವಳು ನಾನು, ದಿನಾ ಕಾಳು ನೀರು ಇಟ್ಟವಳು ನಾನು. ಅತ್ತೆಯ ಜೊತೆ ಮಾತು ಬಿಟ್ಟೆ. ಯಜಮಾನರಿಗೆ ಹೇಳಿದರೆ, ನಿಮ್ಮಿಬ್ಬರ ಮಧ್ಯೆ ನಾನು ಬರುವುದಿಲ್ಲ ಎಂದು ಹೊಲದ ಕಡೆ ನಡೆದರು. ಹರಕೆ ಹೊತ್ತದ್ದು ಅವರ ಜೀವಕ್ಕೇ, ಆದರೂ ಅವರಿಗೇನೂ ಸಂಬಂಧವಿಲ್ಲವಂತೆ.

ಹಬ್ಬದವರೆಗೆ ಅಂಗಳದಲ್ಲಿ ಬೋಳುಕತ್ತಿನದೇ ದರ್ಬಾರು. ಹ್ಯಾಟೆಗಳೆಲ್ಲ ಅದರ ಹಿಂದೆ. ಹಬ್ಬ ಹತ್ತಿರವಾದಾಗ ಒಂದು ಹ್ಯಾಟೆ ಕಾವಿಗೆ ಕೂತಿತು. ಬುಟ್ಟಿಗೆ ಹುಲ್ಲು ಹಾಸಿ ಅದರಡಿ ಮೊಟ್ಟೆ ಇಟ್ಟೆ. ಹಬ್ಬದ ದಿನ ಅತ್ತೆ ಬೋಳುಕತ್ತಿನ ಕಾಲು ತೊಳೆದು, ಕುಂಕುಮ ಇಟ್ಟು, ಗುಡಿಗೆ ಎತ್ತಿಕೊಂಡು ಹೋದರು. ನಾನು ಹೋಗಲಿಲ್ಲ. ಸಾರು ಮಾಡಿ ಬಡಿಸಿದೆ, ನಾನು ತಿನ್ನಲಿಲ್ಲ. ಅತ್ತೆಯೂ ಮುಟ್ಟಲಿಲ್ಲ. ಹಲ್ಲುನೋವು ಎಂದರು.

ಆ ಮೊಟ್ಟೆಗಳು ಒಡೆದಾಗ ಅರ್ಧಕ್ಕರ್ಧ ಮರಿಗಳು ಬೋಳುಕತ್ತಿನವು. ಅಂಗಳದಲ್ಲಿ ಅವುಗಳ ನಡುವೆ ಒಕ್ಕಣ್ಣಿನ ಕೆಂಪು ಹುಂಜ ಕತ್ತು ಓರೆ ಮಾಡಿಕೊಂಡು ಓಡಾಡುತ್ತಿತ್ತು. ಅತ್ತೆ ನುಚ್ಚು ತಂದು ನನ್ನ ಪಕ್ಕ ಕುಕ್ಕುರುಗಾಲಲ್ಲಿ ಕೂತರು. ಒಂದು ಮರಿಯನ್ನು ಎತ್ತಿ ಅದರ ಬರಿಗತ್ತನ್ನು ಬೆರಳಲ್ಲಿ ಸವರಿದರು. ತಿನ್ನಿಸಲು ಹಿಡಿದಿದ್ದ ನುಚ್ಚನ್ನು ಮಾತ್ರ ಅಂಗೈಯಿಂದ ನೆಲಕ್ಕೆ ಸುರಿದು ಮರಿಯನ್ನು ಕೆಳಗೆ ಬಿಟ್ಟರು.

"ನೀನೇನಾರ ಮುಂದುಕ್ಕೆ ಅರಕೆ ಒತ್ಕಂಡ್ರೆ," ಅಂದರು, ನನ್ನ ಮುಖ ನೋಡದೆ, "ಕೈಯಲ್ಲಿ ತಿನ್ಸಿ ಸಾಕಿರದ್ನ ಒತ್ಕಬ್ಯಾಡ ಕಣವ್ವ."

ಗಾಳಿಯ ಮಾತನ್ನು ನಾನು ಮತ್ತೆ ಎತ್ತಲಿಲ್ಲ.