ಸೆಕೆಂಡಿನ ಮುಳ್ಳು ಹೋದದ್ದು ಹೀಗೆ

ಸ್ನೇಹಿತರೇ, ಅಗ್ಗದ ನಕಲಿ ವಾಚಿನ ಮುಳ್ಳುಗಳು ಕಣ್ಣಿಗೆ ಕಾಣುವುದಿಲ್ಲವೆಂದು ಇವತ್ತು ಮನೆಯಲ್ಲೇ ಬದಲಾಯಿಸಲು ಕುಳಿತೆ. ಗಂಟೆಯದನ್ನೂ ನಿಮಿಷದ್ದನ್ನೂ ಕೂರಿಸುವಷ್ಟರಲ್ಲಿ ಕತ್ತು ಬಿದ್ದುಹೋಯಿತು. ಸೆಕೆಂಡಿನ ಮುಳ್ಳೊಂದು ತಟ್ಟೆಯಲ್ಲಿ ಉಳಿದಿತ್ತು.

ಅಷ್ಟರಲ್ಲಿ ತ್ಯಾಗಲಿಯಿಂದ ಭಾವ ಬಂದ. ಬಂದವರಿಗೆ ಮೊದಲು ಕವಳ ಕೊಡದಿದ್ದರೆ ನಮ್ಮಲ್ಲಿ ನಡೆಯುವುದಿಲ್ಲ. ಎಲೆ, ಅಡಿಕೆ, ಸುಣ್ಣವನ್ನು ಅದೇ ತಟ್ಟೆಯ ಪಕ್ಕ ಇಟ್ಟು, ಚಹಾ ಹೇಳಲು ಒಳಗೆ ಹೋದೆ. ವಾಪಸು ಬಂದಾಗ ತಟ್ಟೆ ಖಾಲಿ.

“ಭಾವ, ಇಲ್ಲಿದ್ದ ಸೆಕೆಂಡ್ ಮುಳ್ಳು ಎಲ್ಲಿದ್ದು?”

“ಅದು ಮುಳ್ಳನಾ? ಹಲ್ಲಲ್ಲಿ ಅಡಿಕೆ ಚೂರು ಸಿಕ್ಕಂಡಿತ್ತು. ಅದ್ರಲ್ಲೇ ತೆಗೆದು ಅಂಗಳಕ್ಕೆ ಒಗದಿ. ಇನ್ನೊಂದು ಇದ್ದಾ? ಈ ಬದಿಗೂ ಸಿಕ್ಕಂಡಿದ್ದು.”

ಆ ನಕಲಿ ವಾಚಿನಿಂದ ಇಡೀ ದಿನದಲ್ಲಿ ಆದ ಅಸಲಿ ಕೆಲಸ ಅದೊಂದೇ.