‘ಐತಿ ಬಿಡ್ರಿ’ ಎಂದ ನಾಲಿಗೆ

ಕೊಟ್ರಮ್ಮಕ್ಕಾ, ನಿಮ್ಮ ಗಂಡನ ಕಾಲಿನಲ್ಲಿ ಜೀವ ಇದೆ ಎಂದು ನಾನು ಹೇಳಿದ್ದು ಸುಳ್ಳು. ಪೂರ್ತಿ ಸುಳ್ಳಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ನೀವು ಕೇಳಿದ ಅರ್ಥದಲ್ಲಿ ಅದು ಸುಳ್ಳೇ — ಯಾವ ಅರ್ಥದಲ್ಲಿ ಕೇಳಿದಿರಿ ಎನ್ನುವುದು ನನಗೆ ಆಗಲೇ ಗೊತ್ತಿತ್ತು.

ಬಸಣ್ಣ ಹುಣಸೆಮರದಿಂದ ಬಿದ್ದು ಬೆನ್ನು ಮುರಿದುಕೊಂಡು, ಆಸ್ಪತ್ರೆಯವರು ಮನೆಗೆ ಕಳಿಸಿದ ಮೇಲೆ, ವ್ಯಾಯಾಮ ಮಾಡಿಸಲು ಹಡಗಲಿಯಿಂದ ನಿಮ್ಮ ಹಿರೇಹಡಗಲಿಗೆ ಬರುತ್ತಿದ್ದೆ. ಫಿಸಿಯೋಥೆರಪಿ ಓದಿ ಆಗಷ್ಟೇ ಕೆಲಸಕ್ಕೆ ಸೇರಿದ್ದವಳು. ಮೊದಲ ದಿನ ಅವರ ಮಂಡಿಯ ಕೆಳಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಮುಟ್ಟಿದರೂ ಗೊತ್ತಾಗದ ಆ ಕಾಲು ಜೋರಾಗಿ ಒದೆಯಿತು. ನೀವು ಕೈಯಲ್ಲಿದ್ದ ಚೊಂಬನ್ನು ಅಲ್ಲೇ ಇಟ್ಟು ಓಡಿ ಬಂದಿರಿ.

“ಕಾಲಾಗ ಜೀವ ಐತೇನ್ರಿ ಮೇಡಂ?”

“ಐತಿ ಬಿಡ್ರಿ ಅಕ್ಕಾ,” ಎಂದೆ.

ಆ ಒದೆತ ಬೆನ್ನುಹುರಿ ತನ್ನಷ್ಟಕ್ಕೆ ಮಾಡುವ ಕೆಲಸ; ಅದಕ್ಕೆ ಬಸಣ್ಣನ ಮನಸ್ಸು ಬೇಕಿಲ್ಲ. ಅಷ್ಟು ಜೋರಾಗಿ ಒದೆಯಿತೆಂದರೆ ಮೆದುಳಿನ ಹಿಡಿತವೇ ತಪ್ಪಿದೆ ಎಂದರ್ಥ. ಕಾಲ್ಬೆರಳು ಆಡಿಸಿ ಎಂದರೆ ಒಂದೂ ಆಡುತ್ತಿರಲಿಲ್ಲ. ನಿಮ್ಮ ಮುಖ ಅರಳಿದ್ದು ಏನನ್ನು ನೋಡಿಯೋ, ಅದನ್ನೇ ನೋಡಿ ಅವರು ಇನ್ನು ನಡೆಯಲಾರರು ಎಂದು ನನಗೆ ಗೊತ್ತಾಗಿತ್ತು.

ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆಯ ಹೊತ್ತಿಗೆ ಓಣಿಯೆಲ್ಲ ನಿಮ್ಮ ಮನೆಯಲ್ಲಿತ್ತು, ನಾನು ಕಾಲು ಎಬ್ಬಿಸುವ ಮೇಡಂ ಆಗಿಬಿಟ್ಟಿದ್ದೆ. ನೀಲಗುಂದದಿಂದಲೂ ಜನ ಹುಡುಕಿಕೊಂಡು ಬಂದರು. ನಿಮ್ಮ ಮೇಲಿನ ಕರುಣೆಯಿಂದ ಸುಮ್ಮನಿದ್ದೆ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡೆ. ಕರುಣೆಯಲ್ಲ ಅಕ್ಕಾ, ನನಗೆ ಆ ಹೆಸರು ಬೇಕಿತ್ತು.

ಬಸಣ್ಣನ ತೋಳಿಗೆ ಬಲ ಬರಿಸಿ, ಮಂಚದಿಂದ ವೀಲ್‌ಚೇರಿಗೆ ತಾವೇ ಸರಿದು ಕೂರುವುದನ್ನು ಕಲಿಸಬೇಕಿತ್ತು. ಕಲಿತಿದ್ದರೆ ಮನೆ ಮುಂದಿನ ತಮ್ಮ ಕಿರಾಣಿ ಅಂಗಡಿಯಲ್ಲಿ ಮತ್ತೆ ಕೂರುತ್ತಿದ್ದರು. ಅವರ ಆಸೆಯೂ ಅದೊಂದೇ. ಒಮ್ಮೆ ವೀಲ್‌ಚೇರಿನ ಮಾತೆತ್ತಿದೆ.

“ಕಾಲು ಬರಾಕ ಹತ್ಯಾವಲ್ರಿ, ಮತ್ತ ಕುರ್ಚಿ ಯಾಕ?” ಎಂದರು ಬಸಣ್ಣ.

ನಾನು ನಕ್ಕು, ಮತ್ತೆ ಅವರ ಕಾಲಿನ ವ್ಯಾಯಾಮಕ್ಕೇ ಕೈಹಾಕಿದೆ. ಆ ನಗು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಮುಂದೆ ಹರಪನಹಳ್ಳಿಯಲ್ಲಿ ಕೆಲಸ ಸಿಕ್ಕಿತು, ನಿಮ್ಮಲ್ಲಿಗೆ ಬರುವುದು ನಿಂತಿತು. ಹೋದ ತಿಂಗಳು ಧೈರ್ಯ ಮಾಡಿ ಬಂದೆ. ಬಸಣ್ಣನ ಮಂಡಿಗಳು ಮಡಚಿಕೊಂಡು ಬಿಗಿದುಹೋಗಿದ್ದವು, ಸೊಂಟದ ಹಿಂದೆ ಹುಣ್ಣಾಗಿತ್ತು. ಅಂಗಡಿ ಬೇರೆಯವರ ಕೈ ಸೇರಿತ್ತು. ನೀವು ಒಂದು ಮಾತೂ ಬೈಯಲಿಲ್ಲ. ಒಳಗಿನಿಂದ ಲಟ್ಟಣಿಗೆ ತಂದು ಅವರ ಮಂಡಿಗೆ ತಟ್ಟಿದಿರಿ. ಕಾಲು ಅದುರಿತು.

“ನೋಡ್ರಿ, ಇನ್ನಾ ಐತಿ.”

ದಿನಾ ಬೆಳಿಗ್ಗೆ ಹೀಗೆ ತಟ್ಟಿ ನೋಡಿಯೇ ಒಲೆ ಹಚ್ಚುತ್ತೀರಂತೆ. ಆಗಲಾದರೂ ನಾನು — ಇಲ್ಲ, ಆಗಲೂ ಹೇಳಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ಈ ಭಾನುವಾರ ಬರುತ್ತೇನೆ. ಬಸಣ್ಣನ ಮಂಚದ ಹತ್ತಿರ ಕೂತು ನಿಮ್ಮಿಬ್ಬರಿಗೂ ಹೇಳುತ್ತೇನೆ — ಆ ಒದೆತ ಅವರದಲ್ಲ, ಎಂದೂ ಆಗಿರಲಿಲ್ಲ. ಮೊದಲು ಹುಣ್ಣಿಗೆ ಆಸ್ಪತ್ರೆ. ಆಮೇಲೆ ಅವರು ಒಪ್ಪಿದರೆ ತೋಳಿನಿಂದ ಶುರುಮಾಡುತ್ತೇನೆ. ಮನೆಯಿಂದ ಹೊರಗೆ ನಡಿ ಎಂದರೆ ನಡೆಯುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ಮರುದಿನ ಬೆಳಿಗ್ಗೆ ನೀವು ಲಟ್ಟಣಿಗೆ ಕೈಗೆತ್ತಿಕೊಂಡು, ಏನು ಮಾಡಬೇಕೆಂದು ತಿಳಿಯದೆ ನಿಲ್ಲುತ್ತೀರಲ್ಲ ಅಕ್ಕಾ — ಅದಕ್ಕೂ ನಾನೇ ಕಾರಣ.